ಬಲಗೈ ಕೆಳಗಿನ ಕಾಳು

ಕಳೆದ ತಿಂಗಳು ಮೂಡಲಗಿಯ ಸಾಮಿಲ್ಲಿನ ಮುಂದೆ ಹಾದುಹೋಗುವಾಗ ಒಳಗೆ ಹಸಿ ಜಾಲಿ ಕೊಯ್ಯುತ್ತಿದ್ದರು. ಹಸಿ ಜಾಲಿಗೆ ಒಂದು ಒಗರು ವಾಸನೆ ಇರುತ್ತದೆ. ಮಳೆಯ ದಿನ ಅದು ಇನ್ನೂ ದಟ್ಟ. ಮುಂದೆ ಹೋಗಲಾರದೆ ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಸಾಮಿಲ್ಲಿನ ಮಾಲಕ ಹೊರಗೆ ಬಂದು, "ಯಾಕ್ರಿ ಮೇಸ್ತ್ರಿ, ಚಕ್ಕರ ಬಂತೇನ್ರಿ?" ಎಂದ. ಹೌದು ಎಂದೆ. ನೀರು ತರಿಸಿಕೊಟ್ಟ. ಆಮೇಲೆ ಬಾಜೂ ನಿಂತವನಿಗೆ, "ಇವರು ಯಾರ ಗೊತ್ತೇನು? ತೂಗುಕುರ್ಚಿ ಲಗಮಣ್ಣ ಮೇಸ್ತ್ರಿ. ಮೂರ ತಾಲೂಕಿನಾಗ ಇಂಥಾ ಕೈ ಇಲ್ಲ" ಎಂದು ಪರಿಚಯ ಹೇಳಿದ. ನಾನು ನೀರಿನ ಲೋಟ ಕೆಳಗಿಟ್ಟು ಎದ್ದೆ.

ನನಗೀಗ ಎಪ್ಪತ್ತೊಂದು. ಹತ್ತನೇ ಇಯತ್ತೆ ಪಾಸಾದವನು, ಆಮೇಲೆ ಪೆನ್ನು ಹಿಡಿದದ್ದು ಅಳತೆ ಬರೆದುಕೊಳ್ಳಲು ಮಾತ್ರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಗೆ ತೂಗುಕುರ್ಚಿ ಎಂದರೆ ನನ್ನ ಹೆಸರು ಹೇಳುತ್ತಾರೆ. ಆ ಹೆಸರು ನನ್ನ ಕೈಗೆ ಹೇಗೆ ಬಂತೆಂಬುದನ್ನು ಇಪ್ಪತ್ತಾರು ವರ್ಷ ಯಾರಿಗೂ ಹೇಳಲಿಲ್ಲ. ಒಂದು ಮಳೆಗಾಲದಲ್ಲಿ ಶುರುವಾಗಿ ಮುಂದಿನ ಬೇಸಿಗೆಗೆ ಮುಗಿದ ಸಂಗತಿ ಅದು.

ನನ್ನ ಗುರು ಮೋನಪ್ಪ ಮೇಸ್ತ್ರಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಗೋಕಾಕದಲ್ಲಿ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಅವರ ಮನೆ, ಮನೆಗೆ ಹತ್ತಿದ ತಗಡಿನ ಚಪ್ಪರದಲ್ಲಿ ಕೆಲಸ. ನಮ್ಮದು ಒಕ್ಕಲುತನದ ಮನೆ, ಬಡಿಗತನ ನನಗೆ ಹುಟ್ಟಿನಿಂದ ಬಂದದ್ದಲ್ಲ. ಆದರೂ ಕಾಕಾ ನನ್ನನ್ನು ಇಟ್ಟುಕೊಂಡರು. ಆ ವರ್ಷ ನನಗೆ ನಲವತ್ತೈದು, ಅವರ ಕೈ ಕೆಳಗೆ ಹದಿನೆಂಟು ವರ್ಷ ಕಳೆದಿದ್ದೆ. ಬಾಗಿಲು, ಕಿಟಕಿ, ಮಂಚ ಎಲ್ಲವನ್ನೂ ನನ್ನ ಮೇಲೆ ಬಿಡುತ್ತಿದ್ದರು. ತೂಗುಕುರ್ಚಿ ಮಾತ್ರ ಅವರೇ ಮಾಡುವರು. ನಾನು ರಂದಾ ಹೊಡೆದು ಕಟ್ಟಿಗೆ ನುಣುಪು ಮಾಡಬಹುದು, ಗೂಟ ಕೆತ್ತಬಹುದು. ಅಷ್ಟೇ.

ಅವರು ಕುರ್ಚಿಯ ಅಳತೆ ತೆಗೆದುಕೊಳ್ಳುತ್ತಿರಲಿಲ್ಲ, ಕೂಡುವವರ ಅಳತೆ ತೆಗೆದುಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಕೂಡ್ರಿಸಿ ಒಂದು ನೂಲಿನಿಂದ ಮೊಣಕಾಲಿನಿಂದ ಹಿಮ್ಮಡಿ, ಸೊಂಟದಿಂದ ಹೆಗಲು, ಕೂತಾಗ ಮೊಣಕೈ ಎಷ್ಟು ಎತ್ತರ ಎಂದು ನೋಡಿ, ಒಂದೊಂದು ಅಳತೆಗೆ ಒಂದೊಂದು ಗಂಟು ಹಾಕುವರು. ಆ ನೂಲು ಚಪ್ಪರದ ಗೋಡೆಯ ಮೊಳೆಗೆ ಹೋಗುತ್ತಿತ್ತು. ಕುರ್ಚಿ ಕೊಟ್ಟಮೇಲೂ ನೂಲು ಅಲ್ಲೇ ಇರುವುದು. ಗಂಟು ಮುಟ್ಟಿ, "ಇದು ಮೂಡಲಗಿ ಕಿರಾಣಿ ಸಾವಕಾರ್ರದು, ಡೊಗ್ಗ ಬೆನ್ನ, ಮುಂದಕ್ಕ ಬಾಗೇತಿ" ಎಂದು ಹೇಳಬಲ್ಲವರಾಗಿದ್ದರು.

ಕುರ್ಚಿಗೆ ಒಂದೂ ಕಬ್ಬಿಣದ ಮೊಳೆ ಇಲ್ಲ. ಬೆನ್ನು, ಆಸನ ಎಲ್ಲ ಹಳೇ ಮನೆಯ ತೊಲೆಯಿಂದ ತೆಗೆದ ಸಾಗವಾನಿ. ಕೆಳಗೆ ತೂಗುವ ಎರಡು ಕಮಾನು ಮಾತ್ರ ಜಾಲಿಯವು. ಅದರಲ್ಲೂ ಒಂದು ಕಟ್ಟುನಿಟ್ಟು: ಕಮಾನನ್ನು ಹಲಗೆಯಿಂದ ಕೊಯ್ಯುವಂತಿಲ್ಲ. ಗಿಡದಲ್ಲೇ ಆ ಬಾಗು ಹುಟ್ಟಿರಬೇಕು. ಬಾಗಿದ ಕೊಂಬೆಯಲ್ಲಿ ನಾರು ಕೊಂಬೆಯ ಜೊತೆಗೇ ಬಾಗಿರುತ್ತದೆ, ನೇರ ಹಲಗೆಯಿಂದ ಬಾಗು ಕೊಯ್ದರೆ ನಾರು ತುದಿಯಲ್ಲಿ ತುಂಡಾಗಿ ಉಳಿಯುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಅಂಥ ಕೊಂಬೆಗಾಗಿ ಕಾಕಾ ಹೊಲದ ಒಡ್ಡುಗಳ ಮೇಲೆ ತಿರುಗುತ್ತಿದ್ದರು. ಮೇಲವಂಕಿಯ ಒಂದು ಹೊಲದಲ್ಲಿ ಒಂದೇ ಜಾಲಿಯನ್ನು ಐದು ವರ್ಷ ನೋಡಿಬಂದರು. "ಲಗಮಾ, ಈ ಗಿಡ ಕುರ್ಚಿ ಹೊತಗೊಂಡ ನಿಂತೈತಿ ನೋಡು" ಎನ್ನುವರು. ಹೊಲದ ಗೌಡರು ನಗುತ್ತ, "ಕನ್ಯಾ ನೋಡಾಕ ಬಂದಂಗ ವರ್ಷಾ ಬರ್ತೀರಲ್ರೀ ಮೇಸ್ತ್ರಿ, ಅಕ್ಷತಾ ಯಾವಾಗ?" ಎಂದರೆ, ಕಾಕಾ ಕೊಂಬೆಯನ್ನೇ ನೋಡುತ್ತ, "ಗಡಬಡಿ ಮಾಡಬ್ಯಾಡ್ರಿ ಬೀಗರ, ಹುಡುಗಿ ಇನ್ನ ಬಾಗೂದ ಕಲ್ಯಾಕತ್ತೈತಿ" ಎನ್ನುವರು. ಕಡಿದ ಕೊಂಬೆಯನ್ನು ಹೊಳೆಯ ದಂಡೆಯ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಂದು ವರ್ಷ ಒಣಗಿಸಿ ಕೆಲಸಕ್ಕೆ ತೆಗೆಯುತ್ತಿದ್ದರು.

ಕುರ್ಚಿ ಮುಗಿದಮೇಲೆ ಕೊನೆಗೆ ಕಾಳು. ಬಲಗೈ ಇಡುವ ಪಟ್ಟಿಯ ಕೆಳಗೆ, ಕೂತವರ ಬೆರಳು ತಾನಾಗಿ ಮಡಚಿಕೊಳ್ಳುವ ಜಾಗದಲ್ಲಿ, ಹುಣಸೆಯ ಕೆಚ್ಚಿನ ಒಂದು ಸಣ್ಣ ಗೂಟ ಬಡಿಯುವರು. ತೊಗರಿ ಕಾಳಿನಷ್ಟು ಹೊರಗೆ ಉಬ್ಬಿರುತ್ತಿತ್ತು. ಕಣ್ಣಿಗೆ ಕಾಣದು, ಬೆರಳಿಗೆ ಹತ್ತುತ್ತದೆ. ಮಂದಿ ಅದಕ್ಕೆ ಕಾಳು ಎಂದೇ ಹೆಸರಿಟ್ಟಿದ್ದರು. ಮೋನಪ್ಪ ಮೇಸ್ತ್ರಿಯ ಕುರ್ಚಿ ಎಂದರೆ ಮೊದಲು ಪಟ್ಟಿಯ ಕೆಳಗೆ ಕೈ ಹಾಕಿ ನೋಡುವರು.

"ನನ್ನ ಕೈಲೆ ಒಂದ ಕಾಳ ಹಾಕಸ್ರಿ ಕಾಕಾ" ಎಂದು ಒಮ್ಮೆ ಕೇಳಿದ್ದೆ. ಅವರು ತಂಬಾಕು ತಿಕ್ಕುತ್ತ ಹೇಳಿದರು: "ಕಾಳ ಅಂದ್ರ ಹೆಸರಂತ ತಿಳದೀ ಏನು? ಅದು ಜಾಮೀನೋ. ನಾಳೆ ಏನರೆ ಆದ್ರ ಅವರಿಗೆ ನನ್ನ ಕೈ ಹಿಡದ ಕೇಳಾಕ ಒಂದ ಜಾಗಾ ಬೇಕಲ್ಲ." ನಾನು ನಕ್ಕೆ. ಒಳಗೆ ಮಾತ್ರ ಸಿಟ್ಟು ಉಳಿಯಿತು. ನನ್ನ ಕೈಗೆ ಜಾಮೀನು ನಿಲ್ಲಲು ಇವರಿಗೆ ಮನಸ್ಸಿಲ್ಲ ಎಂದುಕೊಂಡೆ. ಹುಟ್ಟು ಬಡಿಗನಾಗಿದ್ದರೆ ಕೊಡುತ್ತಿದ್ದರು ಎಂದೂ ಅಂದುಕೊಂಡೆ. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಸಿಟ್ಟಿಗೆ ಆಸರೆ ಬೇಕಾಗಿತ್ತು, ಅದನ್ನು ಹಿಡಿದುಕೊಂಡೆ.

ಆ ವರ್ಷ ಹುಕ್ಕೇರಿಯ ಸಾಲಿಯೊಂದರ ಅಕ್ಕೋರು ನಿವೃತ್ತಿ ಆಗುವವರಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ವರ್ಷಾನುಗಟ್ಟಲೆ ನಿಂತು ಕಲಿಸಿ ಅವರಿಗೆ ಸೊಂಟ ಹಿಡಿದಿತ್ತು. ಬೀಳ್ಕೊಡುವ ದಿನ ಜೊತೆಯ ಮಾಸ್ತರರೆಲ್ಲ ಸೇರಿ ಒಂದು ತೂಗುಕುರ್ಚಿ ಕೊಡಬೇಕೆಂದು ಮಾಡಿದ್ದರು. ಅಕ್ಕೋರು ಗೋಕಾಕಕ್ಕೇ ಬಂದು ಕಟ್ಟೆಯ ಮೇಲೆ ಕುಳಿತು ಅಳತೆ ಕೊಟ್ಟರು. "ಮೇಸ್ತ್ರಿ, ನನಗ ಕಾಳಿನ ಕುರ್ಚಿನ ಬೇಕ ನೋಡ್ರಿ, ಶಿಷ್ಯಾರ ಕೈಯಾಗ ಕೊಟ್ಟ ಕೈ ತೊಳಕೊಳ್ಳಬ್ಯಾಡ್ರಿ" ಎಂದು ನನ್ನ ಕಡೆ ನೋಡಿ ನಕ್ಕರು. ಚೇಷ್ಟೆಯ ಮಾತು. ನನಗೆ ಚುಚ್ಚಿತು.

ಕಾಕಾ ಹಿಂದಿನ ಎರಡು ಕಾಲು ಕೆತ್ತಿದರು, ಅಷ್ಟರಲ್ಲಿ ಜ್ವರ ಹಿಡಿಯಿತು. ಟೈಫಾಯಿಡ್ ಎಂದರು ಡಾಕ್ಟರು. ಒಂದು ತಿಂಗಳು ಅವರಿಗೆ ಮೈಮೇಲೆ ಸರಿಯಾಗಿ ಎಚ್ಚರವೇ ಇರಲಿಲ್ಲ. ಆಗಾಗ ಎದ್ದು ಚಪ್ಪರಕ್ಕೆ ಬಂದು, ಕೆತ್ತಿಟ್ಟ ಆ ಕಾಲುಗಳ ಮೇಲೆ ಕೈಯಾಡಿಸಿ, ಏನೋ ಗೊಣಗಿ, ತಿರುಗಿ ಹೋಗಿ ಮಲಗುವರು. ಮರುದಿನ ಕೇಳಿದರೆ ಬಂದದ್ದೇ ನೆನಪಿರುತ್ತಿರಲಿಲ್ಲ. ಅದೇ ಹೊತ್ತಿಗೆ ಮಳೆ ಹಿಡಿದು ಹೊಳೆ ಏರಿತು. ನಮ್ಮ ಓಣಿಯ ಕೆಳಗಿನ ನಾಲ್ಕು ಮನೆಗೆ ನೀರು ಹೊಕ್ಕಿತು. ಇಳಿದಮೇಲೆ ಹೋಗಿ ನೋಡಿದರೆ ಮಡುವಿನಲ್ಲಿ ಕಲ್ಲು ಹೇರಿಟ್ಟಿದ್ದ ಕೊಂಬೆಗಳಲ್ಲಿ ಒಂದೂ ಇರಲಿಲ್ಲ. ಒಣಗಲು ಹೊಳೆಯ ಕಡೆಯ ಗೋಡೆಗೆ ಆನಿಸಿಟ್ಟ ಜೋಡಿಯೂ ಹೋಗಿತ್ತು. ಬೀಳ್ಕೊಡುವ ದಿನಕ್ಕೆ ಹನ್ನೊಂದು ದಿನ ಉಳಿದಿದ್ದವು.

ಕಾಕಾನ ಹೆಂಡತಿ ಗಂಗವ್ವ, ನನಗೆ ಕಾಕಿ, ಸ್ಪಷ್ಟವಾಗಿ ಹೇಳಿದರು: "ಆಗೂದಿಲ್ಲಂತ ಹೇಳಿ ಕಳಸು ಲಗಮಾ. ಜಡ್ಡಾದಾವ್ರ ಮ್ಯಾಲ ಯಾರೂ ಸಿಟ್ಟಾಗೂದಿಲ್ಲ."

"ಒಪ್ಪಿಕೊಂಡ ಮಾತ ಐತ್ರಿ ಕಾಕಿ, ಕಾಕಾನ ಮಾತ ಹೋಗತೈತಿ" ಎಂದೆ ನಾನು.

ಕಾಕಾನ ಮಾತಿನ ಚಿಂತೆ ನನಗಿರಲಿಲ್ಲ. ನನ್ನ ಕುರ್ಚಿ ಅವರ ಕುರ್ಚಿಯ ಹೆಸರಿನಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಬೇಕಾಗಿತ್ತು. ಅಕ್ಕೋರು ಕೂತು ತೂಗಿ, ಆಹಾ ಮೋನಪ್ಪ ಮೇಸ್ತ್ರಿ ಕೈ ಅಂದರೆ ಕೈ ಎನ್ನಬೇಕು, ಆಮೇಲೆ ನಾನು ಮುಂದೆ ಬಂದು ಇದು ನಂದು ಎನ್ನಬೇಕು. ಅಷ್ಟು ದಿನ ರಂದಾ ಹೊಡೆಯುತ್ತ ಮನಸ್ಸಿನಲ್ಲಿ ಆ ಒಂದು ಮಾತನ್ನೇ ಹೊಡೆಯುತ್ತಿದ್ದೆ.

ಸಾಮಿಲ್ಲಿನಿಂದ ಜಾಲಿಯ ನೇರ ಹಲಗೆ ತಂದೆ. ಅರ್ಧ ಹಸಿ. ಗರಗಸ ಹಾಕಿದಾಗ ಇಡೀ ಚಪ್ಪರ ಒಗರು ನಾರಿತು. ಒಳಗೆ ಮಲಗಿದ್ದ ಕಾಕಾ ಜ್ವರದಲ್ಲೇ, "ಯಾರಲೇ ಹಸಿ ಕಟಗಿ ಕೊಯ್ಯಾಂವಾ?" ಎಂದು ಕೂಗಿದರು. ನಾನು ಗರಗಸ ಮಾತ್ರ ಸ್ವಲ್ಪ ಮೆಲ್ಲಗೆ ಎಳೆದೆ.

ಕುರ್ಚಿ ಚೆಂದ ಬಂತು. ಈಗಲೂ ಅದನ್ನು ಸುಳ್ಳು ಹೇಳಲಾರೆ. ಕಾಕಾ ಪರೀಕ್ಷೆ ಮಾಡುವಂತೆ ನೆಲದ ಮೇಲೆ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆದು, ಕಮಾನನ್ನು ಗೆರೆಗೆ ಹೊಂದಿಸಿ, ನೂರು ಸಲ ತೂಗಿದೆ. ಎರಡು ಕಮಾನುಗಳಲ್ಲಿ ಕೂದಲಿನಷ್ಟು ವ್ಯತ್ಯಾಸವಿದ್ದರೂ ಕುರ್ಚಿ ತೂಗುತ್ತ ತೂಗುತ್ತ ಗೆರೆ ಬಿಟ್ಟು ನಡೆಯುತ್ತದೆ. ನನ್ನದು ಒಂದು ಬೆರಳೂ ಸರಿಯಲಿಲ್ಲ. ನಾನು ಕಾಕಾನ ತಗಡಿನ ಡಬ್ಬಿ ತೆಗೆದು, ಅದರಿಂದ ಒಂದು ಹುಣಸೆ ಗೂಟ ಆರಿಸಿ, ಬಲಗೈ ಪಟ್ಟಿಯ ಕೆಳಗೆ ಬಡಿದೆ. ಕೊಡತಿಯ ಮೂರು ಪೆಟ್ಟು. ಜೀವಮಾನದಲ್ಲಿ ನಾನು ಮಾಡಿದ ಪಾಪದ ಸಪ್ಪಳ ಅಷ್ಟೇ.

ಹುಕ್ಕೇರಿಗೆ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಅಕ್ಕೋರು ವೇದಿಕೆಯ ಮೇಲೆ ಕುಳಿತು, ಬೆರಳಿನಿಂದ ಕಾಳು ಹುಡುಕಿ ಮುಟ್ಟಿ, ಕಣ್ಣು ಮುಚ್ಚಿಕೊಂಡರು. ಮಾಸ್ತರರು ಚಪ್ಪಾಳೆ ತಟ್ಟಿದರು. ಆಗ ಹೇಳಬೇಕಾಗಿತ್ತು. ಮಂದಿ ಬಹಳ ಇದ್ದರು, ನಾನೂ ಚಪ್ಪಾಳೆ ತಟ್ಟಿದೆ. ಕಾಕಾಗೆ ಮೊದಲು ಹೇಳಿದರಾಯಿತು ಎಂದುಕೊಂಡು ಬಂದೆ.

ಜ್ವರ ಬಿಟ್ಟು ಕಾಕಾ ಗೋಡೆ ಹಿಡಿದುಕೊಂಡು ಚಪ್ಪರಕ್ಕೆ ಬಂದ ದಿನ ಮೊದಲು ಕೇಳಿದ್ದೇ ಅದನ್ನು.

"ಅಕ್ಕೋರ ಕುರ್ಚಿ?"

"ಮುಟ್ಟಿಸೇವ್ರಿ ಕಾಕಾ. ಭಾಳ ಖುಷಿ ಆದ್ರು."

"ಯಾರ ಮುಗಸಿದ್ರು?"

ಅವರ ಗಲ್ಲಗಳು ಒಳಗೆ ಹೋಗಿದ್ದವು. ಬೈಸಿಕೊಳ್ಳುವ ಧೈರ್ಯ ನನಗಿರಲಿಲ್ಲ. "ನೀವ ಮುಗಸಿದ್ರಿ. ಜ್ವರದಾಗ ಎದ್ದ ಬಂದು ಮಾಡ್ತಿದ್ರಿ. ನಾ ಬರೇ ಹಿಡಕೊಂಡಿದ್ದೆ" ಎಂದೆ.

ಕಾಕಾ ತಮ್ಮ ಎರಡೂ ಕೈ ತಿರುಗಿಸಿ ನೋಡಿ ಜೋರಾಗಿ ನಕ್ಕರು. "ಏ ಗಂಗೀ, ಕೇಳಿದೇನ? ಮೈಯಾಗ ನಾ ಇರಲಿಲ್ಲ, ಕೈ ಮಾತ್ರ ತಮ್ಮ ಪಗಾರ ದುಡಕೊಂಡಾವ!" ಎಂದು ಹೆಂಡತಿಗೆ ಕೂಗಿ ಹೇಳಿದರು. ದಾರಿಯಲ್ಲಿ ಹೋಗುವವರಿಗೂ ಹೇಳಿದರು. ದಸರೆಯ ತನಕ ಅದೇ ಮಾತು. ಅವರು ಆ ಮಾತು ಹೇಳಿ ಚೇತರಿಸಿಕೊಳ್ಳುತ್ತಿದ್ದುದನ್ನು ಕಂಡು ನನಗೂ ಒಂದು ನೆವ ಸಿಕ್ಕಿತು. ಸುಳ್ಳಿನಿಂದ ಒಳ್ಳೆಯದೇ ಆಯಿತು ಎಂದುಕೊಂಡೆ.

ಚಳಿ ಬಿದ್ದು ಕಬ್ಬಿನ ಗಾಡಿಗಳು ರಸ್ತೆ ತುಂಬಿದ ಹೊತ್ತಿಗೆ ಹುಕ್ಕೇರಿಯಿಂದ ಓಣಿಯ ಅಂಗಡಿಯ ಫೋನಿಗೆ ಸುದ್ದಿ ಬಂತು. ಕುರ್ಚಿ ಮುರಿದು ಅಕ್ಕೋರು ಹಿಂದಕ್ಕೆ ಬಿದ್ದಿದ್ದಾರೆ, ಕೈ ಮುರಿದಿದೆ. ಕಾಕಾ ಚಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಟ್ಟು, "ನನ್ನ ಕುರ್ಚಿ?" ಎಂದು ಎರಡು ಸಲ ಕೇಳಿದರು. ಆವತ್ತೇ ಬಸ್ಸು ಹತ್ತಿದೆವು.

ಅಕ್ಕೋರು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಒಳಗೆ ಮಂಚದ ಮೇಲೆ ಕುಳಿತಿದ್ದರು. ಮುರಿದ ಕುರ್ಚಿ ಅಂಗಳದಲ್ಲಿತ್ತು. ಕಾಕಾ ಸೀಳಿದ ಕಮಾನನ್ನು ಬಿಸಿಲಿಗೆ ಹಿಡಿದು, ಸೀಳಿನ ಮೇಲೆ ಹೆಬ್ಬೆರಳು ಆಡಿಸಿದರು.

"ಹಲಗಿ ಕೊಯ್ದ ಮಾಡ್ಯಾರ" ಎಂದರು. ಯಾರೋ ಬೇರೆಯವರ ಕೆಲಸ ನೋಡಿದಂತೆ ಹೇಳಿದರು. "ಅದೂ ಹಸಿ ಹಲಗಿ. ಯಾವ ಸೂ..." ಎಂದು ಬೈಗುಳ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಕೆಳಗೆ ಕುಳಿತು ಬಲಗೈ ಪಟ್ಟಿಯ ಕೆಳಗೆ ಬೆರಳು ಹಾಕಿದರು. ಕಾಳು ಹತ್ತಿತು. ಬೆರಳನ್ನು ಅಲ್ಲಿಂದ ಬಹಳ ಹೊತ್ತು ತೆಗೆಯಲಿಲ್ಲ.

"ಲಗಮಾ, ಇದನ್ನ ನಾ ಮಾಡೇನೇನೋ?"

ಆ ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ಬೈದರೆ ಅವರೊಬ್ಬರೇ ಬೈಯುತ್ತಿದ್ದರು, ಹೊಡೆದರೆ ಅವರೊಬ್ಬರೇ ಹೊಡೆಯುತ್ತಿದ್ದರು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಇಲ್ಲ ಎನ್ನಲಿ ಎಂದು ಬೇಡುವವರ ಹಾಗೆ.

"ಹೂನ್ರಿ" ಎಂದೆ.

ಅಕ್ಕೋರು ಒಳಗಿನಿಂದ ಬಂದು ಸಮಾಧಾನ ಹೇಳಿದರು. "ಬಿಡ್ರಿ ಮೇಸ್ತ್ರಿ, ಕಡೀಕಡೀಗೆ ನಾನೂ ಬೋರ್ಡ್ ಮ್ಯಾಲ ಲೆಕ್ಕಾ ತಪ್ಪಿ ಮಾಡ್ತಿದ್ನಿ. ಹುಡುಗೋರ ನಗತಿದ್ರು. ವಯಸ್ಸ ಅಂದ್ರ ಹಂಗ." ಅವರು ಬೈದಿದ್ದರೆ ಕಾಕಾ ಉಳಿಯುತ್ತಿದ್ದರೋ ಏನೋ. ಕಾಕಾ ಎರಡೂ ಕೈ ಜೋಡಿಸಿ ಬಗ್ಗಿದರು. ಬಸ್ಸಿನಲ್ಲಿ ಘಟಪ್ರಭಾ ದಾಟುವ ತನಕ ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತಲೇ ಇದ್ದರು. ಗೋಕಾಕ ಬಂದಾಗ, "ಅಕ್ಕೋರಿಗೆ ಹೊಸಾ ಕಮಾನ ನೀ ಮಾಡು. ನಾ ಉಳಿ ಮುಟ್ಟೂದಿಲ್ಲ ಇನ್ನ" ಎಂದರು.

ಅಲ್ಲಿಗೆ ನಿಲ್ಲಲಿಲ್ಲ. ಎರಡು ದಿನ ಗೋಡೆಯ ಮೇಲಿನ ನೂಲುಗಳ ಮುಂದೆ ಕುಳಿತು, ಮೂರನೆಯ ದಿನ ನನ್ನನ್ನು ಕರೆದರು. "ಯಾವ ಕುರ್ಚಿ ಎಚ್ಚರದಾಗ ಮಾಡೇನಿ, ಯಾವುದು ಹಿಂಗ ಮಾಡೇನಿ, ನನಗ ಹೆಂಗ ಗೊತ್ತು? ಮಂದಿ ಕಾಳ ನಂಬಿ ಕುಂದರತಾರ. ಜಾಮೀನ ಹಿಂದಕ್ಕ ತಗೋಬೇಕು. ಗಾಡಿ ತಗಿ."

ಹದಿನೇಳು ಮನೆ. ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಅವರು, ಅವರ ಚೀಲದಲ್ಲಿ ಒಂದು ಸಣ್ಣ ಉಳಿ, ಒಂದು ಕೊಡತಿ. ಮನೆಗೆ ಹೋಗಿ ಕುರ್ಚಿ ಬೋರಲು ಹಾಕಿ ಒಂದೊಂದು ಕೂಡಿಕೆಯನ್ನೂ ತಡವಿ ನೋಡುವರು. ಎಲ್ಲವೂ ಕಲ್ಲಿನಂತೆ ಗಟ್ಟಿ. ಹಾಗಿದ್ದರೂ ಕಾಳು ಎಬ್ಬಿಸಿ ತೆಗೆದು ಡಬ್ಬಿಗೆ ಹಾಕುವರು. ಉಳಿ ಹಿಡಿದದ್ದು ನಾನು. ಅವರು ಮುಟ್ಟುವುದಿಲ್ಲ ಎಂದಿದ್ದರಲ್ಲ. ಅವರು ಬೆರಳಿಟ್ಟು ಜಾಗ ತೋರಿಸುವರು, ನಾನು ಕೀಳುವುದು.

ಮೂಡಲಗಿಯ ಕಿರಾಣಿ ಸಾವಕಾರರು, "ಏನ್ರಿ ಮೇಸ್ತ್ರಿ, ಹಲ್ಲ ಕಿತ್ತಂಗ ಕಿತಗೊಂಡ ಹೊಂಟ್ರಿ? ನನ್ನ ಕುರ್ಚಿ ಏನ್ ಸಕ್ರಿ ತಿಂದಿತ್ತು?" ಎಂದು ನಗಿಸಲು ನೋಡಿದರು. ಕಾಕಾ ನಗಲಿಲ್ಲ. ಸಂಕೇಶ್ವರದ ಹತ್ತಿರದ ಒಂದು ಮನೆಯಲ್ಲಿ ಹೆಂಗಸರು ಕುರ್ಚಿ ಮುಟ್ಟಗೊಡುವುದಿಲ್ಲ ಎಂದರು, ಕಾಕಾ ಅಳುಮೋರೆ ಮಾಡಿ ಬೇಡಿಕೊಂಡು ಕಾಳು ತೆಗೆಸಿದರು.

ಗೋಕಾಕ ಫಾಲ್ಸಿನ ಮನೆಯನ್ನು ಮಾತ್ರ ನಾನು ಮರೆಯಲಾರೆ. ಅಲ್ಲಿಯ ಯಜಮಾನರಿಗೆ ಎಂಬತ್ತು ದಾಟಿ ಕಿವಿ ಪೂರಾ ಮಂದವಾಗಿತ್ತು. ಕುರ್ಚಿಯಲ್ಲಿ ಕುಳಿತವರು ಏಳಲೊಲ್ಲರು.

"ಯಾಕ ತಗೀತೀರಿ?" ಎಂದು ಕೂಗಿದರು.

"ನನ್ನ ಕೈ ಸರಿ ಇಲ್ರಿ" ಎಂದರು ಕಾಕಾ.

"ಆಂ?"

"ಕೈ! ನನ್ನ ಕೈ ಹಾಳಾಗೈತ್ರಿ!"

"ಕೈಯಾಗ ಏನ ಐತಿ?"

ಕಾಕಾ ಬಾಗಿಲಲ್ಲಿ ನಿಂತು ಎದೆಯುಬ್ಬಿಸಿ ಉಸಿರೆಳೆದು ಕೂಗಿದರು. "ನನ್ನ ಕೈ ಹಾಳಾಗೈತಿ! ನಾ ಮಾಡಿದ ಕುರ್ಚಿ ಮುರದ ಒಬ್ಬ ತಾಯಿ ಬಿದ್ದಾಳ! ನನ್ನ ನಂಬಬ್ಯಾಡ್ರಿ!" ಸಾಲುಮನೆಗಳ ಮಂದಿ ಹೊರಗೆ ಬಂದು ನಿಂತರು. ಯಜಮಾನರ ಮಗ ನಾಚಿಕೊಂಡು ತಂದೆಯನ್ನು ಎಬ್ಬಿಸಿದ. ಅಷ್ಟು ಮಂದಿಯ ನಡುವೆ ನಾನು ಮೊಣಕಾಲೂರಿ ಕುಳಿತು ಕಾಳು ಕಿತ್ತೆ. ಉಳಿ ಜಾರಿ ಪಟ್ಟಿಗೆ ಒಂದು ಗೀರು ಬಿತ್ತು. ಕಾಕಾ ಆ ಗೀರನ್ನು ಹೆಬ್ಬೆರಳಿನಿಂದ ಸವರಿ, "ಅಂಜಬ್ಯಾಡೋ ಲಗಮಾ, ನಿನ್ನ ಕೈ ಗಟ್ಟಿ ಐತಿ" ಎಂದು ನನಗೇ ಧೈರ್ಯ ಹೇಳಿದರು.

ಆವತ್ತು ಮನೆಗೆ ಬಂದಮೇಲೆ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟರು. "ಇನ್ನ ಮ್ಯಾಲ ಇದು ನಿಂದು. ಹದಿನೆಂಟ ವರ್ಷ ನಾನ ತಡದೆ, ತಪ್ಪ ಮಾಡ್ದೆ. ಯೋಗ್ಯ ಕೈ ಬಾಜೂಕ ಇದ್ದದ್ದು ನನಗ ಕಾಣಲಿಲ್ಲ." ನಾನು ಅವರ ಕಾಲಿಗೆ ಬಿದ್ದೆ. ಅವರು ಭಕ್ತಿ ಎಂದುಕೊಂಡರು. ಡಬ್ಬಿ ತೆಗೆದುಕೊಂಡೆ. ಬೇಡ ಎನ್ನಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಬರುವ ಹೇಸಿಗೆಗೆ ಮಾತಿಲ್ಲ.

ಆ ಬೇಸಿಗೆಯೆಲ್ಲ ಕಾಕಾ ಕಟ್ಟೆಯ ಮೇಲೆ ಕುಳಿತು ನೂಲುಗಳ ಗಂಟು ಬಿಚ್ಚಿದರು. ದಿನಕ್ಕೆ ಒಂದು ಗಂಟು. ವರ್ಷಗಟ್ಟಲೆ ಬಿಗಿದ ಗಂಟು ಬೇಗ ಬಿಚ್ಚುತ್ತಿರಲಿಲ್ಲ, ಉಗುರಿನಿಂದ ಕೀರಿ ಕೀರಿ ಬಿಚ್ಚುವರು. ಬಿಚ್ಚಿದ ನೂಲನ್ನು ಕಾಕಿ ಹೂ ಕಟ್ಟಲು ಒಯ್ಯುತ್ತಿದ್ದರು. ನಾನು ಹತ್ತು ಮಾರು ದೂರದಲ್ಲಿ ಅವರದೇ ಉಳಿಯಿಂದ ಕೆಲಸ ಮಾಡುತ್ತಿದ್ದೆ. ನೂಲು ಮುಗಿದಮೇಲೆ ಅವರಿಗೆ ಮಾಡಲು ಏನೂ ಉಳಿಯಲಿಲ್ಲ. ಆ ಬೇಸಿಗೆಯ ಹಿಂದೆಯೇ ಬಂದ ಮಳೆಗಾಲ ಮುಗಿಯುವ ಮುಂಚೆ ತೀರಿಕೊಂಡರು. ಕಡೆಯ ದಿನಗಳಲ್ಲಿ ನೋಡಲು ಬಂದವರಿಗೆಲ್ಲ, "ಕುರ್ಚಿ ಬೇಕಂದ್ರ ಲಗಮನ ಕಡೆ ಹೋಗ್ರಿ, ಅವನ ಕೈಯಾಗ ಮೋಸಿಲ್ಲ" ಎನ್ನುತ್ತಿದ್ದರು. ನಾನು ಮೂಡಲಗಿಗೆ ಬಂದು ಸ್ವಂತ ಚಪ್ಪರ ಹಾಕಿದೆ. ಬಾಗಿದ ಕೊಂಬೆಯಿಂದಲೇ ಕಮಾನು ಮಾಡಿದೆ, ಪ್ರತಿಯೊಂದಕ್ಕೂ ಕಾಳು ಬಡಿದೆ. ಆಮೇಲೆ ನನ್ನ ಒಂದು ಕುರ್ಚಿಯೂ ಮುರಿದಿಲ್ಲ.

ಸಾಮಿಲ್ಲಿನ ಮುಂದೆ ಕುಳಿತು ಎದ್ದ ಮರುದಿನ ಗೋಕಾಕಕ್ಕೆ ಹೋಗಿ ಕಾಕಿಯ ಮುಂದೆ ಎಲ್ಲ ಹೇಳಿದೆ. ಅವರಿಗೀಗ ಎಂಬತ್ತಾರು. ಅವರೆಕಾಯಿ ಸುಲಿಯುತ್ತ ಕೇಳಿದರು. ನಡುವೆ ಒಮ್ಮೆ ಕೈ ನಿಂತಿತು, ತಿರುಗಿ ಸುಲಿಯತೊಡಗಿದರು. ನನಗೆ ಅಳು ಬಂತು.

"ನನ್ನ ಮುಂದ ಅಳಬ್ಯಾಡ" ಎಂದರು. "ನಿನ್ನ ಅಳೂ ತಗೊಂಡ ನಾ ಏನ್ ಮಾಡ್ಲಿ? ಅವರು ಗಂಟ ಬಿಚ್ಚಕೋತ ಕುಂತಾಗ ನೀ ಎದುರಿಗೇ ಇದ್ದಿ. ದಿನಾ ನೋಡಿದಿ. ಒಂದ ಮಾತ ಹೇಳಿದ್ರ ಎದ್ದ ಬರ್ತಿದ್ರು ಅವರು. ನಿನಗ ನಾಕ ಬಡಿದು, ಮರುದಿನ ಉಳಿ ಹಿಡೀತಿದ್ರು."

"ಏನ್ ಮಾಡ್ಲಿ ಕಾಕಿ, ಹೇಳ್ರಿ."

"ಅವರು ಬಾಯಿಲೆ ಹೇಳಿ ಬಂದ ಮನಿಗೆಲ್ಲಾ ಹೋಗು. ನೀನೂ ಬಾಯಿಲೆ ಹೇಳು. ಅವರ ಹೆಸರ ಅಲ್ಲಿ ಬಿದ್ದೈತಿ, ಎತ್ತಿ ತಗೊಂಡ ಬಾ." ಚಾ ಕುಡಿ ಎನ್ನಲಿಲ್ಲ. ಆ ಮನೆಯಲ್ಲಿ ಅದೇ ಮೊದಲು.

ಹೋದೆ. ಹುಕ್ಕೇರಿಯ ಅಕ್ಕೋರು ತೀರಿಕೊಂಡು ಬಹಳ ವರ್ಷವಾಗಿತ್ತು, ಮನೆ ಮಾರಿದ್ದರು. ಮೂಡಲಗಿಯ ಸಾವಕಾರರ ಮನೆಯಲ್ಲಿ ಕುರ್ಚಿಯನ್ನು ಒಡೆದು ಅಡಿಗೆಯ ಒಲೆಗೆ ಹಾಕಿದ್ದರು. ಇನ್ನು ಕೆಲವು ಕಡೆ ಬಾಗಿಲಿಗೆ ಬಂದವರಿಗೆ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ.

ಮೊನ್ನೆ ಗೋಕಾಕ ಫಾಲ್ಸಿಗೆ ಹೋದೆ. ಯಜಮಾನರ ಮೊಮ್ಮಗನ ಹೆಂಡತಿ, ಮೂವತ್ತರ ಒಳಗಿನ ಹೆಣ್ಣುಮಗಳು, ಬಾಗಿಲು ತೆಗೆದಳು. ಕುರ್ಚಿ ಪಡಸಾಲೆಯಲ್ಲೇ ಇತ್ತು. ಎಣ್ಣೆ ಒರೆಸಿ ಹೊಳೆಯುವಂತೆ ಇಟ್ಟಿದ್ದರು. ನಾನು ಅದನ್ನೇ ನೋಡುವುದನ್ನು ಕಂಡು ಹೆಮ್ಮೆಯಿಂದ, "ಲಗಮಣ್ಣ ಮೇಸ್ತ್ರಿ ಮಾಡಿದ್ದ್ರಿ ಅಜ್ಜಾ. ಕಾಳ ಬಿದ್ದ ಹೋಗೈತಿ, ಜಾಗಾ ಐತಿ ನೋಡ್ರಿ" ಎಂದಳು.

"ಅಲ್ಲವ್ವಾ. ಇದು ಮೋನಪ್ಪ ಮೇಸ್ತ್ರಿ ಮಾಡಿದ್ದು."

"ಅವರ್ಯಾರ್ರಿ?" ಎಂದು ಸ್ವಲ್ಪ ಯೋಚಿಸಿದಳು. "ಓ, ಅವರಾ? ನಮ್ಮ ಮಾವಾರ ಹೇಳ್ತಿದ್ರು. ಯಾರೋ ಒಬ್ಬ ಮುದಕ ಮೇಸ್ತ್ರಿ ಬಾಗಲದಾಗ ನಿಂತ, ನನ್ನ ಕೈ ಹಾಳಾಗೈತಿ, ನನ್ನ ನಂಬಬ್ಯಾಡ್ರಿ ಅಂತ ಒದರಿದ್ರಂತ. ಅಂಥಾವರು ಇಂಥಾ ಕುರ್ಚಿ ಹೆಂಗ ಮಾಡ್ಯಾರ್ರಿ ಅಜ್ಜಾ?"

"ಅವರ ಕೈ ಹಾಳಾಗಿರಲಿಲ್ಲವ್ವಾ. ಹಾಳ ಮಾಡಿದಾಂವ ನಾನು. ಲಗಮಣ್ಣ ಅಂದ್ರ ನಾನ" ಎಂದೆ. ನಿಂತಲ್ಲಿಯೇ ಎಲ್ಲ ಹೇಳಿದೆ. ಹಲಗೆ, ಕಾಳು, ಅಕ್ಕೋರು ಬಿದ್ದದ್ದು, ಹೂನ್ರಿ ಎಂದದ್ದು, ಏನೂ ಬಿಡಲಿಲ್ಲ. ಅವಳು ಸೆರಗು ಹೊದ್ದುಕೊಂಡು ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ಒಬ್ಬರಿಗಾದರೂ ಮುಟ್ಟಿತು ಎಂದುಕೊಂಡೆ.

"ಎಷ್ಟ ದೊಡ್ಡ ಮನಸ್ಸ್ರಿ ನಿಮ್ದು ಅಜ್ಜಾ" ಎಂದಳು. "ಕೆಲಸಾ ಕಲಿಸಿದವರ ಹೆಸರ ಉಳೀಲಂತ ಎಲ್ಲಾ ತಪ್ಪ ನಿಮ್ಮ ಮ್ಯಾಲ ಹಾಕೊಂಡ ಈ ವಯಸ್ಸಿನಾಗ ಮನಿಮನಿ ತಿರಗಾಕತ್ತೀರಿ. ಈಗಿನ ಕಾಲದಾಗ ಯಾರ್ರಿ ಹಿಂಗ?"

ಅಲ್ಲವ್ವಾ, ಅಲ್ಲ ಎಂದೆ. ಕಾಲು ಹಿಂದಕ್ಕೆ ಸರಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಅವಳು ಬಗ್ಗಿದ್ದಳು, ಅವಳ ಕೈ ನನ್ನ ಪಾದಕ್ಕೆ ತಾಗಿತ್ತು.